ದುರುಗಪ್ಪ ಯಾಕೆ ಏನನ್ನೂ ಅಳಿಸುವುದಿಲ್ಲ

ಗಂಗಾವತಿಯಲ್ಲಿ ಈಚೆಗೆ ಮದುವೆ ಮಾಡಿದವರನ್ನು ಕೇಳಿ ನೋಡಿ, ಫೋಟೋ ದುರುಗಪ್ಪ ಅಂದರೆ ನಗುತ್ತಾರೆ. ಮದುವೆಯ ಆಲ್ಬಮ್ಮನ್ನು ಹುಟ್ಟಿದ ಕೂಸಿನ ಜವಳ ಮುಗಿದ ಮೇಲೆ ಕೊಡುತ್ತಾನಂತೆ. ಸ್ಟುಡಿಯೋದ ಕಪಾಟಿನ ತುಂಬ ಹಾರ್ಡ್ ಡಿಸ್ಕುಗಳೇ ಇವೆಯಂತೆ. ಕಣ್ಣು ಮುಚ್ಚಿದ ಫೋಟೋ, ಅಲುಗಾಡಿದ ಫೋಟೋ, ಯಾರದೋ ಬೆನ್ನಿನ ಫೋಟೋ, ಒಂದನ್ನೂ ಅಳಿಸುವುದಿಲ್ಲವಂತೆ. ತಲೆ ಕೆಟ್ಟಿದೆ ಅನ್ನುತ್ತಾರೆ. ಅನ್ನುವವರ ನಾಲಿಗೆಗೆ ಎಲುಬಿಲ್ಲ, ಅನ್ನಲಿ. ಅವನ ಪಕ್ಕದ ಅಂಗಡಿ ನನ್ನದು. ನಾನು ಮೈಮುನಬಿ, ಫೋಟೋಗಳಿಗೆ ಕಟ್ಟು ಹಾಕುವವಳು. ನನ್ನ ಗಂಡ ತೀರಿಕೊಂಡ ಮೇಲೆ ಗಾಜು ಕೊಯ್ಯುವುದನ್ನು ನಾನೇ ಕಲಿತೆ, ಜನರ ಮಾತನ್ನು ಕೊಯ್ಯುವುದು ಮೊದಲಿಂದಲೂ ಗೊತ್ತಿತ್ತು. ನನ್ನೆದುರು ದುರುಗಪ್ಪನನ್ನು ಹುಚ್ಚ ಅಂದವರಿಗೆ ನಾನು ಈ ಕಥೆ ಹೇಳುತ್ತೇನೆ. ಅರ್ಧ ಕೇಳಿ ಎದ್ದು ಹೋದವರೂ ಇದ್ದಾರೆ.

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ಅವನು ಸ್ಟುಡಿಯೋ ತೆರೆದ. ಸಿದ್ದಾಪುರದ ಕಡೆಯ ಹುಡುಗ. ಅಪ್ಪ ಅವ್ವ ಗದ್ದೆಯ ಕೂಲಿಯವರು. ಹೊಸ ಜಿಲ್ಲೆ, ಹೊಸ ಕಚೇರಿ, ಯಾವ ಅರ್ಜಿಗೂ ಫೋಟೋ ಹಚ್ಚಬೇಕು, ಹೀಗಾಗಿ ಬಲುಬೇಗ ಕಾಲೂರಿದ. ಆಗ ರೀಲಿನ ಕಾಲ. ರೀಲು ತೊಳೆಸಲು ಹೊಸಪೇಟೆಗೆ ಹೋಗಿ ಬರುತ್ತಿದ್ದ. ತಂದ ನೆಗೆಟಿವ್‌ಗಳನ್ನು ತಗಡಿನ ಟ್ರಂಕಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದ. ಕೆಟ್ಟದ್ದು, ಒಳ್ಳೆಯದು, ಎಲ್ಲವೂ ಅದರಲ್ಲೇ.

ಅದಕ್ಕೆ ಕಾರಣವಿತ್ತು. ನಮ್ಮ ಕಡೆಯ ಬಡವರು ಬದುಕಿದ್ದಾಗ ಫೋಟೋ ತೆಗೆಸುವುದಿಲ್ಲ. ಮನೆಯಲ್ಲಿ ಯಾರಾದರೂ ಸತ್ತಾಗ ಅದರ ನೆನಪಾಗುತ್ತದೆ. ತಿಥಿಯ ದಿನ ಮಾಡುವ ಹೊತ್ತಿಗೆ ಗೋಡೆಗೆ ಒಂದು ಮುಖ ಬೇಕು. ಆಗ ಓಡಿ ಬರುತ್ತಾರೆ, ಯಾರದೋ ಮದುವೆಯ ಗುಂಪು ಫೋಟೋ ಹಿಡಿದುಕೊಂಡು. ಹಿಂದಿನ ಸಾಲಿನಲ್ಲಿ ಶೇಂಗಾ ಬೀಜದಷ್ಟು ಕಾಣುವ ತಲೆಯ ಮೇಲೆ ಬೆರಳಿಟ್ಟು, "ಇವರ ನೋಡ್ರಿ ನಮ್ಮಪ್ಪ" ಅನ್ನುತ್ತಾರೆ. ದುರುಗಪ್ಪ ಆ ತಲೆಯನ್ನು ಬಿಡಿಸಿ, ದೊಡ್ಡದು ಮಾಡಿ, ಹರಿದ ಬನಿಯನ್ನಿನ ಮೇಲೆ ಬಿಳಿ ಅಂಗಿ ತೊಡಿಸಿ ಕೊಡುತ್ತಿದ್ದ. ನಾನು ಕಟ್ಟು ಹಾಕುತ್ತಿದ್ದೆ. ಅವರು ಗಾಜಿನ ಮೇಲೆ ಹಣೆ ನೋಡಿ ಕುಂಕುಮ ಹಚ್ಚಿ, ಮಾಲೆ ಹಾಕಿ ಗೋಡೆಗೆ ಏರಿಸುತ್ತಿದ್ದರು.

ಆಮೇಲೆ ಡಿಜಿಟಲ್ ಬಂತು. ರೀಲಿನ ಹಂಗಿಲ್ಲ, ಎಷ್ಟು ಬೇಕಾದರೂ ಒತ್ತು. ಅವನು ಒತ್ತಿದ್ದೇ ಒತ್ತಿದ್ದು. ಒಂದು ಮದುವೆಗೆ ಮೊದಲು ಐದಾರು ರೀಲು ಮುಗಿಸುತ್ತಿದ್ದವನು ಈಗ ರಾಶಿಗಟ್ಟಲೆ ತಂದು ಕಂಪ್ಯೂಟರಿಗೆ ಸುರಿದ. ಒಂದು ದಿನ ಕಂಪ್ಯೂಟರಿನ ಡಿಸ್ಕ್ ಕೆಟ್ಟು ಕುಳಿತು, ಕನಕಗಿರಿಯ ಒಂದು ಮದುವೆ ಪೂರ್ತಿ ಹೋಯಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಹುಡುಗಿಯ ಅಪ್ಪ ಸ್ಟುಡಿಯೋಕ್ಕೆ ಬಂದು ಇವನ ಅಂಗಿ ಹಿಡಿದ, ನಾನೇ ನಡುವೆ ಹೋಗಿ ಬಿಡಿಸಿದೆ. ಆ ಪೆಟ್ಟು ಅವನಿಗೆ ಚೆನ್ನಾಗಿ ನಾಟಿತು.

ಅಲ್ಲಿಂದ ಅವನು ಕೆಲಸಕ್ಕೆ ಒಂದು ಕ್ರಮ ಕಟ್ಟಿದ. ಮದುವೆ ಮುಗಿಸಿ ಬಂದವನು ಕೈಕಾಲು ತೊಳೆಯುವ ಮೊದಲು ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದ. ಒಮ್ಮೆ ಸರಸರನೆ ಓಡಿಸಿ ಬೇಡದ್ದನ್ನೆಲ್ಲ ಅಳಿಸುತ್ತಿದ್ದ. ಉಳಿದದ್ದನ್ನು ಎರಡು ಡಿಸ್ಕಿನಲ್ಲಿ ಇಟ್ಟು, ಕಾರ್ಡನ್ನು ಖಾಲಿ ಮಾಡಿ ಮರುದಿನದ ಮದುವೆಗೆ ತಯಾರಿಡುತ್ತಿದ್ದ. ಒಂದೇ ಜಾಗದಲ್ಲಿ ತೆಗೆದ ಫೋಟೋಗಳನ್ನು ಒಟ್ಟಿಗೆ ಹಿಡಿದು ಬೆಳಕು ತಿದ್ದುವುದು, ಆಮೇಲೆ ಮುಖ ಮೈ ನುಣುಪು ಮಾಡುವುದು, ಆಮೇಲೆ ಆಲ್ಬಮ್ಮಿನ ಪುಟ ಕೂಡಿಸಿ ಲ್ಯಾಬಿಗೆ ಕಳಿಸುವುದು. ಪುಟ ತಯಾರಾದರೆ ಮೂಲ ಫೋಟೋಗಳೂ ಹೋದವು, ತಿದ್ದಿದ್ದು ಮಾತ್ರ ಉಳಿಯುತ್ತಿತ್ತು. ಎಲ್ಲವನ್ನೂ ಎರಡೆರಡು ಕಡೆ ಇಡಲು ಜಾಗ ಎಲ್ಲಿಂದ ತರಬೇಕು? ಕಸ ಗುಡಿಸಿದರೆ ಜಾಗ ತಾನೇ ಆಗುತ್ತದೆ ಅನ್ನುತ್ತಿದ್ದ. ಹೊಸ ಸೊಸೆ ತವರಿಗೆ ಹೊರಡುವುದರೊಳಗೆ ಆಲ್ಬಮ್ ಅವಳ ಕೈಯಲ್ಲಿರುತ್ತಿತ್ತು. ಕುಷ್ಟಗಿ, ಯಲಬುರ್ಗಾದಿಂದ ಕರೆಯಲು ಬರುತ್ತಿದ್ದರು. ನನಗೂ ಹೆಮ್ಮೆ ಅನಿಸುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಕಸ ಅಂದರೆ ಏನು ಅಂತ ಅವನಿಗೆ ಕಲಿಸಿದವರು ಮದುವೆ ಮನೆಯವರು. ಒಬ್ಬ ದೊಡ್ಡ ಮನುಷ್ಯ ಆಲ್ಬಮ್ ತಿರುವಿ, ಊಟದ ಪಂಕ್ತಿಯ ಫೋಟೋದಲ್ಲಿ ಎಲೆ ಎತ್ತುವ ಹೆಂಗಸನ್ನು ನೋಡಿ, "ಮದುವಿ ನಮ್ದೋ, ಅಡಗಿಯವರದೋ?" ಅಂದನಂತೆ. ಅದಾದ ಮೇಲೆ ಯಾರೂ ಹೇಳದಿದ್ದರೂ ಇವನೇ ಅಂಥವರನ್ನು ತೆಗೆಯುತ್ತಿದ್ದ. ಅಂಚಿನಲ್ಲಿದ್ದರೆ ಕತ್ತರಿಸುವುದು, ನಡುವೆ ಇದ್ದರೆ ಅವರ ಮೇಲೆ ಪರದೆಯ ಬಣ್ಣ ಎಳೆಯುವುದು. ಬರೀ ಅವರದೇ ಫೋಟೋ ಇದ್ದರೆ ಮೊದಲ ಓಟದಲ್ಲೇ ಅಳಿಸಿಬಿಡುವುದು. ಅವನ ಸ್ವಂತ ಅವ್ವ ಅಂಥದೇ ಮದುವೆಗಳಲ್ಲಿ ಪಾತ್ರೆ ತಿಕ್ಕಿ ಇವನನ್ನು ಸಾಕಿದವಳು. ಅದು ಅವನಿಗೆ ಆಗ ಹೊಳೆಯಲಿಲ್ಲ.

ಒಂದು ಮಳೆಗಾಲ, ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ, ಮಾರೆವ್ವ ಎಂಬ ಹೆಂಗಸು ಸ್ಟುಡಿಯೋದ ಮೆಟ್ಟಿಲ ಮೇಲೆ ಬಂದು ಕುಳಿತಳು. ಸಿದ್ದಾಪುರದ ಹತ್ತಿರದ ಊರಿನವಳು, ಭತ್ತದ ನಾಟಿ ಮಾಡುವ ಕೂಲಿ. ಅವಳ ಒಬ್ಬಳೇ ಮಗಳು ಹುಲಿಗೆಮ್ಮ ಬಟ್ಟೆ ಒಗೆಯಲು ಹೋಗಿ, ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಕಾಲುವೆಗೆ ಬಿದ್ದಿದ್ದಳು. ಹೆಣ ಸಿಕ್ಕಿದ್ದು ಎಷ್ಟೋ ದೂರದಲ್ಲಿ, ಎಷ್ಟೋ ತಡವಾಗಿ. ಸೀರೆಯಿಂದ ಗುರುತು ಹಿಡಿದರು. ಮುಖವನ್ನು ಅವ್ವನಿಗೆ ತೋರಿಸಲಿಲ್ಲ, ಮುಚ್ಚಿಕೊಂಡೇ ಹೋಗಿ ಮಣ್ಣು ಮಾಡಿದರು.

"ಫೋಟೋ ಕೊಡೋ ತಮ್ಮಾ, ದಿನ ಮಾಡಬೇಕು," ಅಂದಳು ಮಾರೆವ್ವ. "ಹ್ವಾದ ಬ್ಯಾಸಗ್ಯಾಗ ಆಂಧ್ರದವರ ಕ್ಯಾಂಪಿನ ಮದುವಿಗೆ ನಮ್ಮ ಹುಲಿಗಿ ನೀರು ನೀಡಾಕ ಹೋಗಿದ್ಲು. ಫೋಟೋದವ ನಂದು ಎರಡು ಸಲ ಹೊಡದಾನಬೇ ಅಂತ ಮನಿ ತುಂಬ ಕುಣಿದಾಡಿದ್ಲು. ಅದನ್ನ ಕೊಡು."

ದುರುಗಪ್ಪನಿಗೆ ಆ ಹುಡುಗಿ ನೆನಪಿದ್ದಳು. ಜಗ್ಗು ಹಿಡಿದು ಬಾಗಿಲಲ್ಲಿ ನಿಂತಿದ್ದಳಂತೆ, ಪಕ್ಕದಿಂದ ಬಿಸಿಲು ಬಿದ್ದಿತ್ತಂತೆ, ಕ್ಯಾಮೆರಾ ನೋಡಿ ಬಾಯಿ ತುಂಬ ನಕ್ಕಳಂತೆ. ಅವನ ಕೈ ತಾನಾಗಿ ಒತ್ತಿತ್ತು. ಇನ್ನೊಮ್ಮೆಯೂ ಒತ್ತಿತ್ತು. ಅವತ್ತು ಸಂಜೆ ಅದೇ ಕೈ ಅವೆರಡನ್ನೂ ಮೊದಲ ಓಟದಲ್ಲಿ ಅಳಿಸಿ ಹಾಕಿತ್ತು.

"ಯವ್ವಾ, ಅದು ಈಗ ಇಲ್ಲಬೇ."

"ನೀ ತಗದಿಯೋ ಇಲ್ಲೋ?"

"ತಗದೀನಿ."

"ಮತ್ತ ತಗದಿದ್ದು ಎಲ್ಲಿಗೆ ಹೋಗ್ತೈತಿ? ಹುಡುಕು, ನಾ ಕುಂದರತೀನಿ."

ಅವಳ ಮಾತಿನಲ್ಲಿ ತಪ್ಪೇನಿತ್ತು? ಹಿಂದೆ ಅವಳ ಗಂಡ ಸತ್ತಾಗ ಇದೇ ದುರುಗಪ್ಪ ಟ್ರಂಕು ತೆರೆದು, ಯಾವುದೋ ಹಳೆಯ ನೆಗೆಟಿವ್ ಹುಡುಕಿ ಅವನ ಮುಖ ತೆಗೆದುಕೊಟ್ಟಿದ್ದ. ತೆಗೆದ ಫೋಟೋ ಎಲ್ಲೋ ಇದ್ದೇ ಇರುತ್ತದೆ ಅಂತ ಅವಳು ನಂಬಿದ್ದು ಅವನಿಂದಲೇ.

ಅವನು ಹುಡುಕಿದ. ಅಳಿಸಿದ್ದನ್ನು ವಾಪಸು ತರುವ ಸಾಫ್ಟ್‌ವೇರ್ ಇದೆಯೆಂದು ಯಾರೋ ಅಂದರು, ಕಾರ್ಡು ಡಿಸ್ಕು ಎಲ್ಲ ಹೊತ್ತು ಹೊಸಪೇಟೆಗೆ ಹೋದ. ಕಾರ್ಡಿನ ಮೇಲೆ ಅಷ್ಟರಲ್ಲಿ ಎಷ್ಟೋ ಮದುವೆಗಳು ಕುಳಿತಿದ್ದವು. ಡಿಸ್ಕಿನಲ್ಲೂ ಅದೇ ಹಾಡು. ಬಂದ ಫೋಟೋಗಳಲ್ಲಿ ಅರ್ಧ ಬೂದು ಬಣ್ಣ, ಅರ್ಧ ಬೇರೆ ಯಾರದೋ ಮದುಮಗಳ ಮೂಗು. ತಿರುಗಿ ಬಂದವನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಸಿದ.

"ಅಕ್ಕಾ, ಅದು ಛಲೋ ಫೋಟೋ ಇತ್ತು. ಸುಮಾರ ಇದ್ದಿದ್ರ ಇಷ್ಟು ಜೀವ ತಿಂತಿದ್ದಿಲ್ಲ."

"ಈಗ ಜೀವ ತಿಂದರೆ ಏನ್ ಬಂತೋ?" ಅಂದೆ ನಾನು. ನನಗೂ ಸಿಟ್ಟು ಬಂದಿತ್ತು, ಅವನ ಮೇಲೋ ಆ ಕಂಪ್ಯೂಟರಿನ ಮೇಲೋ ತಿಳಿಯದು.

ಆಮೇಲೆ ಅವನು ಒಂದು ಕೆಲಸ ಮಾಡಿದ. ಮಾರೆವ್ವನನ್ನು ಸ್ಟೂಲಿನ ಮೇಲೆ ಕೂರಿಸಿ ಅವಳ ಫೋಟೋ ತೆಗೆದ. ಅವಳ ಮುಖದ ಸುಕ್ಕು ಅಳಿಸಿದ, ಗಲ್ಲ ತುಂಬಿಸಿದ, ಕೂದಲು ಕಪ್ಪು ಮಾಡಿದ. ಹುಡುಗಿಯ ಕಣ್ಣು ಹೇಗಿದ್ದವು, ಹಲ್ಲು ಹೇಗಿದ್ದವು ಅಂತ ಕೇಳಿ ಕೇಳಿ ಕೂಡಿಸಿದ. ಮದುವೆ ಕೆಲಸಗಳನ್ನೆಲ್ಲ ಬದಿಗಿಟ್ಟು ಅದೊಂದರ ಮೇಲೆಯೇ ಕುಳಿತ. ಆದ ಫೋಟೋ ನೋಡಿದರೆ ಯಾರೂ ಕಟ್ಟಿದ್ದು ಅನ್ನುವಂತಿರಲಿಲ್ಲ. ಚೆಂದದ ಹುಡುಗಿ, ತೆಳ್ಳಗೆ ನಗುತ್ತಿದ್ದಳು. ನಾನು ಕಟ್ಟನ್ನೂ ಹಾಕಿಬಿಟ್ಟೆ.

ಮಾರೆವ್ವ ಬಂದಳು. ಕಟ್ಟನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಲಕ್ಷಣ ಅದಾಳಪಾ. ಯಾರ ಮಗಳು ಈಕಿ?"

ಕುಟುಕಲು ಆಡಿದ ಮಾತಲ್ಲ ಅದು. ಅವಳಿಗೆ ನಿಜಕ್ಕೂ ಗೊತ್ತಾಗಲಿಲ್ಲ. ಪಾಪ, ಬೇರೆ ಯಾರದೋ ಕಟ್ಟನ್ನು ತನ್ನ ಕೈಗೆ ಕೊಟ್ಟಿದ್ದೇವೆ ಅಂದುಕೊಂಡು, ಎರಡೂ ಕೈಯಿಂದ ಜೋಪಾನವಾಗಿ ವಾಪಸು ಕೊಟ್ಟಳು. ದುರುಗಪ್ಪ ಒಳಗೆ ಹೋದ. ಗಂಡಸು ಹಾಗೆ ಅತ್ತದ್ದನ್ನು ನಾನು ನನ್ನ ಮನೆಯ ಸಾವಿನಲ್ಲೂ ಕೇಳಿರಲಿಲ್ಲ.

ಉಳಿದದ್ದು ಒಂದೇ ದಾರಿ. ಆ ಮದುವೆಯ ತಿದ್ದಿದ ಫೋಟೋಗಳು ಇನ್ನೂ ಡಿಸ್ಕಿನಲ್ಲಿದ್ದವು. ಅದರಲ್ಲಿ ಎಲ್ಲಾದರೂ ಮೂಲೆಯಲ್ಲಿ, ಕನ್ನಡಿಯಲ್ಲಿ, ಯಾರದೋ ಹೆಗಲ ಹಿಂದೆ ಆ ಹುಡುಗಿಯ ಮುಖ ತಪ್ಪಿ ಉಳಿದಿರಬಹುದು. ಮಾರೆವ್ವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಅವನು ಒಂದೊಂದೇ ತೋರಿಸಿದ. ನಾನು ಹಿಂದೆ ನಿಂತಿದ್ದೆ. ಅಕ್ಷತೆ, ಆರತಿ, ಬೀಗರ ಸಾಲು, ಮಂಟಪ, ಮತ್ತೆ ಬೀಗರು. ನೀರು ನೀಡಿದವರು, ಎಲೆ ಎತ್ತಿದವರು, ಒಲೆ ಉರಿಸಿದವರು ಒಬ್ಬರೂ ಇಲ್ಲ. ಅಷ್ಟು ದೊಡ್ಡ ಮದುವೆಯ ಊಟ ತಾನಾಗಿಯೇ ಎಲೆಗೆ ಬಂದು ಬಿದ್ದಂತಿತ್ತು. ಅವನ ಕೆಲಸ ಅಷ್ಟು ಅಚ್ಚುಕಟ್ಟು. ಅವನು ಬೆವರುತ್ತ ಒತ್ತುತ್ತಿದ್ದ.

"ತಡೀ," ಅಂದಳು ಮಾರೆವ್ವ.

ಮದುಮಗ ಮದುಮಗಳು ಊಟಕ್ಕೆ ಕುಳಿತ ಫೋಟೋ ಅದು. ಎಡದ ಅಂಚಿನಿಂದ ಒಂದು ಕೈ ಒಳಗೆ ಚಾಚಿತ್ತು. ಜಗ್ಗು ಹಿಡಿದ ಕೈ, ಮದುಮಗಳ ಲೋಟಕ್ಕೆ ನೀರು ಬೀಳುತ್ತಿತ್ತು. ಮೈಯನ್ನೂ ಮುಖವನ್ನೂ ಅವನು ಕತ್ತರಿಸಿದ್ದ. ಕೈಯನ್ನು ತೆಗೆದರೆ ಮದುಮಗಳ ಸೀರೆಯ ಜರಿ ಕೆಡುತ್ತದೆಂದು ಬಿಟ್ಟಿದ್ದ.

ಮಾರೆವ್ವ ಕಂಪ್ಯೂಟರಿನ ಗಾಜಿನ ಮೇಲೆ ಬೆರಳಿಟ್ಟಳು. ಮಣಿಕಟ್ಟಿನ ಹತ್ತಿರ, ಹಸಿರು ಬಳೆಯ ಪಕ್ಕದಲ್ಲಿ ಒಂದು ಸುಟ್ಟ ಕಲೆಯಿತ್ತು.

"ಹಂಚು ಬಡದಿದ್ದು. ರೊಟ್ಟಿ ಸುಡಾಕ ಕಲಿಯೂ ಮುಂದ. ನಾನ ಮಜ್ಜಿಗಿ ಹಚ್ಚೀನಿ." ಆಮೇಲೆ ಅವಳು ದುರುಗಪ್ಪನ ಕಡೆ ತಿರುಗಿ, "ನೋಡು, ಐತಿ ಅಂದೆನಲ್ಲ," ಅಂದಳು.

ಮದುಮಗಳ ಕೈಯಾಗಿದ್ದರೆ ಆ ಕಲೆಯನ್ನೂ ಅವನು ನುಣುಪು ಮಾಡಿಬಿಡುತ್ತಿದ್ದ. ನೀರು ನೀಡುವವಳ ಕೈ ಯಾರಿಗೆ ಬೇಕು ಅಂತ ಅದನ್ನು ಮುಟ್ಟಿರಲಿಲ್ಲ. ಹಾಗಾಗಿ ಉಳಿದಿತ್ತು.

ಅಂದಿನಿಂದ ಅವನು ಏನನ್ನೂ ಅಳಿಸಿಲ್ಲ. ಡಿಸ್ಕು ತುಂಬಿತು, ಇನ್ನೊಂದು ತಂದ, ಅದೂ ತುಂಬಿತು. ಕೆಲಸ ನಿಧಾನವಾಯಿತು, ಗಿರಾಕಿಗಳು ಬೇರೆ ಸ್ಟುಡಿಯೋ ಹಿಡಿದರು. ಈಗ ಕರೆದರೂ ಅವನು ಮೊದಲು ಅಡಿಗೆಮನೆಗೆ ಹೋಗುತ್ತಾನೆ. ಅಲ್ಲಿದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖ ತೆಗೆದು, ಆಮೇಲೆ ಮಂಟಪಕ್ಕೆ ಬರುತ್ತಾನೆ. ಯಾವ ಮನೆಯವರು ಸಹಿಸುತ್ತಾರೆ? ಇಷ್ಟೆಲ್ಲ ಮಾಡಿದರೂ ಹೋದ ಮುಖ ಬರಲಿಲ್ಲ. ಅದು ಅವನಿಗೂ ಗೊತ್ತಿದೆ.

ಆ ಕೈಯನ್ನು ಅವನು ಮದುವೆಯಿಂದ ಬಿಡಿಸಿ, ದೊಡ್ಡದು ಮಾಡಿ ತಂದುಕೊಟ್ಟ. ಜಗ್ಗು, ಬಳೆ, ಕಲೆ, ಬೇರೆ ಏನೂ ಇಲ್ಲ. ನಾನು ಇದ್ದುದರಲ್ಲಿ ಒಳ್ಳೆಯ ಕಟ್ಟು ಹಾಕಿದೆ. ದಿನದ ಹಿಂದಿನ ಸಂಜೆ ಮಾರೆವ್ವ ಒಯ್ಯಲು ಬಂದಳು. ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಕೊಟ್ಟೆ. ಅವಳು ಅದನ್ನು ಎದೆಗೊತ್ತಿಕೊಂಡು ಮೆಟ್ಟಿಲು ಇಳಿದಳು. ಇಳಿದವಳು ತಿರುಗಿ ಬಂದು ದಾರ ಬಿಚ್ಚಿ, ಪೇಪರು ಸರಿಸಿ, ಗಾಜನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಯಕ್ಕಾ," ಅಂದಳು, "ನಾಳಿಗೆ ಕುಂಕುಮ ಎಲ್ಲಿ ಹಚ್ಚಲಿ?"

ಸತ್ತವರಿಗೆ ಕಟ್ಟು ಹಾಕುವುದರಲ್ಲೇ ಮುದುಕಿಯಾದವಳು ನಾನು, ಯಾವ ಮಾತಿಗೂ ಮಾತು ಬಿಡದವಳು. ಅವಳು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತುತ್ತ ನಿಂತೆ. ದುರುಗಪ್ಪ ತನ್ನ ಬಾಗಿಲಲ್ಲಿ ನಿಂತಿದ್ದ. ಅವಳು ಅವನ ಮುಖವನ್ನೂ ನೋಡಿದಳು, ಆಮೇಲೆ ಪೇಪರನ್ನು ಮೊದಲಿನಂತೆ ಸುತ್ತಿಕೊಂಡು ಬಸ್ಸಿಗೆ ಹೋದಳು.