ಮುಂದೊಬ್ಬ, ಹಿಂದೊಬ್ಬ

ಈಚೆಗೆ ನನಗೊಂದು ಹೊಸ ಚಾಳಿ ಅಂಟಿಕೊಂಡಿದೆ. ಹೆಂಡತಿ ನನಗಿಂತ ಮೊದಲೇ ಹೊಸದುರ್ಗದ ಬಸ್ಸು ಹಿಡಿಯುತ್ತಾಳೆ. ಮನೆಗೆ ಬೀಗ ಹಾಕುವ ಕೆಲಸ ನನ್ನದು. ಹಾಕಿ, ಎಳೆದು ನೋಡಿ, ಗೇಟಿನ ತನಕ ಹೋಗಿ, ಮತ್ತೆ ಬಂದು ಎಳೆಯುತ್ತೇನೆ. ಬೀದಿಯ ತಿರುವಿನಿಂದ ಮೂರನೆಯ ಸಲ ವಾಪಸು ಬರುವುದೂ ಉಂಟು. ಒಳಗಿರುವುದು ಎರಡು ಬೀರು ಪುಸ್ತಕ, ಒಂದು ಹಳೆಯ ಟಿ.ವಿ. ಬಾಗಿಲು ತೆರೆದಿಟ್ಟು ಕರೆದರೂ ಕಳ್ಳ ಬರಲಾರ. ಶಾಲೆಯ ಹೆಡ್‌ಮಾಸ್ತರಿಕೆ ಹೆಗಲಿಗೆ ಬಿದ್ದ ಮೇಲೆ ಶುರುವಾದದ್ದು ಇದು. ನಿಮಗೂ ಇಂಥದ್ದೊಂದು ಇದೆಯೋ ಏನೋ.

ಮೊನ್ನೆ ಎದುರುಮನೆಯ ಗಂಗಮ್ಮ ರಂಗೋಲಿ ಬಿಡುತ್ತಾ, "ಏನ್ರಿ ಮೇಷ್ಟ್ರೇ, ಒಂದು ಬೀಗಾನ ಎಷ್ಟ್ ಸಲ ನೋಡ್ತೀರಿ?" ಎಂದು ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ. ಇದೇ ಮಾತನ್ನು ಇದೇ ನಗುವಿನೊಂದಿಗೆ ಹಿಂದೆ ನಾನು ನನ್ನ ಅಣ್ಣನಿಗೆ ಹೇಳುತ್ತಿದ್ದೆ.

ನಮ್ಮದು ಹಿರಿಯೂರಿನ ಹತ್ತಿರ, ಹೆದ್ದಾರಿಗೆ ಅಂಟಿಕೊಂಡ ಹಳ್ಳಿ. ಕುರಿ ಸಾಕಿದ ಮನೆತನ. ನಮ್ಮಲ್ಲಿ ಕುರಿ ಎಣಿಸುವ ರೂಢಿಯೇ ಇಲ್ಲ. ಸಂಜೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಮುಖಗಳನ್ನು ನೋಡಿದರೆ ಸಾಕು, ಯಾವುದು ಬಂದಿಲ್ಲವೆಂದು ಗೊತ್ತಾಗುತ್ತದೆ. ಅಪ್ಪನಿಗೆ ಗೊತ್ತಾಗುತ್ತಿತ್ತು, ಅಣ್ಣನಿಗೂ. ಹೆದ್ದಾರಿ ಅಗಲವಾದ ಮೇಲೆ ಮೇವಿನ ಜಾಗ ರಸ್ತೆಯ ಆಚೆಗೆ ಉಳಿಯಿತು. ದಿನಾ ದಾಟಿಸಬೇಕು. ಅಪ್ಪ ಮುಂದೆ, ಅಣ್ಣ ಹಿಂದೆ. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಅಣ್ಣ ಒಬ್ಬನೇ ಆದ.

ಆಗಿನಿಂದ ಅವನು ಎಣಿಸತೊಡಗಿದ. ಬೆರಳು ಮಾಡಿ, ತುಟಿ ಅಲುಗಿಸುತ್ತಾ ಒಂದು ಸಲ. ರೊಪ್ಪ ಮುಚ್ಚಿದ ಮೇಲೆ ಇನ್ನೊಂದು ಸಲ. ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ಮತ್ತೊಂದು ಸಲ. ಸಣ್ಣದಕ್ಕೂ ಸಿಡುಕುತ್ತಿದ್ದ. ಹೊಟ್ಟೆ ಉರಿ ಎನ್ನುತ್ತಿದ್ದ. ಅವ್ವ ಜೀರಿಗೆ ಹಾಕಿದ ಮಜ್ಜಿಗೆ ಕೊಡುತ್ತಿದ್ದಳು. ಯಾಕೆ ಹೀಗೆ ಎಂದು ಯಾರೂ ಕೇಳಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ನಾನಂತೂ ಮನೆಯ ಮಹಾ ಬುದ್ಧಿವಂತ. "ಕುರಿಯೋನಾಗಿ ಎಣಿಸ್ತೀಯಲ್ಲ, ಎಷ್ಟ್ ಸಲ ನೋಡ್ತೀಯಣ್ಣ?" ಎನ್ನುತ್ತಿದ್ದೆ. ಅವನು ಮುಗಿಸುವ ಹೊತ್ತಿಗೆ ಸರಿಯಾಗಿ, "ಒಂದು ಕಮ್ಮಿ ಐತೆ ಕಣಣ್ಣ!" ಎಂದು ಕೂಗುತ್ತಿದ್ದೆ. ಅವನು ಮೊದಲಿನಿಂದ ಎಣಿಸುತ್ತಿದ್ದ, ನಾನು ಬಿದ್ದು ಬಿದ್ದು ನಗುತ್ತಿದ್ದೆ. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ನಾನು ತಲೆ ಬಾಚುತ್ತಿದ್ದಾಗ ಅಣ್ಣ ಬಾಗಿಲಲ್ಲಿ ನಿಂತ.

"ಲೇ ತಮ್ಮ, ದಾಟಿಸೋವಾಗ ದಿನಾ ಒಂದ್ ಹತ್ತು ನಿಮಿಷ ಮುಂದೆ ನಿಂತ್ಕಳೋ. ಲಾರಿ ಕಂಡ್ರೆ ಎದೆ ಹೊಡ್ಕಂತೈತೆ."

"ಬಸ್ಸು ತಪ್ಪೋಗುತ್ತಣ್ಣ."

ಅರ್ಧ ಗಂಟೆಗೆ ಇನ್ನೊಂದು ಬಸ್ಸಿತ್ತು. ನಿಜ ಹೇಳಬೇಕೆಂದರೆ, ಕುರಿಗಳ ನಡುವೆ ಕೋಲು ಹಿಡಿದು ನಿಂತ ನನ್ನನ್ನು ಬಸ್ಸಿನ ಕಿಟಕಿಯಿಂದ ಜೊತೆಯವರು ನೋಡಿಯಾರು ಎಂಬ ಅಂಜಿಕೆ. ಅವನು "ಆಗ್ಲಿ ಬಿಡು" ಎಂದ. ಮತ್ತೆಂದೂ ಕೇಳಲಿಲ್ಲ.

ಮರುವರ್ಷ ಕುರಿಗಳನ್ನೆಲ್ಲ ಮಾರಿ, ತೆಂಗಿನಕಾಯಿ ಮಂಡಿಯಲ್ಲಿ ಕೂಲಿಗೆ ಸೇರಿದ. ಕೊಳ್ಳುವವರು ಬಂದ ದಿನ ಅವನು ಒಂದನ್ನೂ ಎಣಿಸಲಿಲ್ಲ. "ನೀವೇ ನೋಡ್ಕಳ್ರಿ" ಎಂದು ಗೋಡೆಯ ಕಡೆ ತಿರುಗಿ ನಿಂತಿದ್ದ.

ಗಂಗಮ್ಮ ನಕ್ಕ ದಿನ ಸಂಜೆ ಅವನಿಗೆ ಫೋನು ಮಾಡಿದೆ. ಕ್ಷಮೆ ಕೇಳಬೇಕೆಂದೇ ಮಾಡಿದ್ದು. ಬಾಯಿಗೆ ಬಂದದ್ದು ಬೀಗದ ಕಥೆ ಮಾತ್ರ. ಅಣ್ಣ ನಗಲಿಲ್ಲ.

"ಒಬ್ನೇ ನೋಡಿದ್ರೆ ಹಂಗೇ ಕಣಪ್ಪ, ಎಷ್ಟ್ ನೋಡಿದ್ರೂ ನಂಬಿಕೆ ಬರಲ್ಲ. ನಾಳೆ ಬರ್ತೀನಿ. ನೀನು ಬೀಗ ಹಾಕ್ಕಂಡು ಮುಂದೆ ಹೋಗು, ನಾನು ಹಿಂದೆ ನಿಂತಿರ್ತೀನಿ."

"ನಿನ್ನ ಮಂಡಿ ಕೆಲಸ ಕೆಡುತ್ತಲ್ಲಣ್ಣ?"

"ಹತ್ತು ನಿಮಿಷ ತಾನೆ."

ಮರುದಿನ ಬಂದೇ ಬಂದ. ನಾನು ಬೀಗ ಹಾಕಿ, ಒಂದೇ ಸಲ ಎಳೆದು ಹೊರಟೆ. ಬೀದಿಯ ತಿರುವಿನಲ್ಲಿ ಕಾಲು ತಡೆಯಿತು, ತಿರುಗಿ ನೋಡಿದೆ. ನರೆತ ತಲೆಯ ಅಣ್ಣ ಗೇಟಿನ ಮೇಲೆ ಕೈಯಿಟ್ಟು, ಹೋಗು ಹೋಗು ಎಂದು ಕೈ ಬೀಸುತ್ತಿದ್ದ. ಕಣ್ಣು ಮಂಜಾಯಿತು. ಒರೆಸಿಕೊಂಡು ಗಡಿಯಾರ ನೋಡಿದೆ. ಹತ್ತಿರಲಿ, ಐದು ನಿಮಿಷವೂ ಆಗಿರಲಿಲ್ಲ.