ಲಲಿತಮ್ಮ ಟೀಚರ್ ಉಬ್ಬಿಸಿದ ಹೂವು

ನಮ್ಮ ಹೊಲಿಗೆ ಟೀಚರ್ ಲಲಿತಮ್ಮನವರ ಬಲಗೈ ಬೆರಳುಗಳು ಸದಾ ನೇರಳೆ. ಯಾರದೋ ಹುಟ್ಟುಹಬ್ಬವೆಂದು ಕಿವಿಗೆ ಬಿದ್ದರೆ ಸಾಕು, ಸ್ಟ್ಯಾಂಪ್ ಪ್ಯಾಡಿನ ಇಂಕಿಗೆ ಸ್ಪಂಜು ಅದ್ದಿ ಗ್ರೀಟಿಂಗ್ ಕಾರ್ಡು ಮಾಡಲು ಕೂತುಬಿಡುತ್ತಿದ್ದರು. ಶಿಡ್ಲಘಟ್ಟದ ಅಂಗಡಿಗಳಿಗೆ ಆಗಷ್ಟೇ ಹಾಡುವ ಕಾರ್ಡುಗಳು ಬಂದಿದ್ದವು. ಟೀಚರ್ ಮಾತ್ರ, "ಅಂಗಡಿ ಕಾರ್ಡಿನ ಹೂವು ಸವರಿ ನೋಡ್ರಮ್ಮ, ಕೈಗೆ ಏನಾದ್ರೂ ಸಿಗತ್ತಾ?" ಎನ್ನುತ್ತಿದ್ದರು.

ಎಕ್ಸ್‌ರೇ ಹಾಳೆಯಲ್ಲಿ ದಳಗಳ ಆಕಾರ ಕತ್ತರಿಸಿ, ಮೇಲೆ ಕಾಗದವಿಟ್ಟು, ಕಿಟಕಿ ಗಾಜಿಗೆ ಒತ್ತಿ ಹಿಡಿದು, ಖಾಲಿ ರೀಫಿಲ್ಲಿನ ತುದಿಯಿಂದ ಅಂಚು ಉಜ್ಜುತ್ತಿದ್ದರು. ತಿರುಗಿಸಿದರೆ ಹೂವು ಉಬ್ಬಿರುತ್ತಿತ್ತು. ಆಮೇಲೆ ಗುಲಾಬಿ ಎಲ್ಲಿ ಮುಗಿದು ನೇರಳೆ ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ ಸ್ಪಂಜಿನಿಂದ ಬಣ್ಣ ಬೆರೆಸುತ್ತಿದ್ದರು.

ಆ ಎಕ್ಸ್‌ರೇ ಅವರ ಯಜಮಾನರ ಮೊಣಕಾಲಿನದು. ನೋವು ಮರುಕಳಿಸಿದಾಗ ಚಿಕ್ಕಬಳ್ಳಾಪುರದ ಡಾಕ್ಟರು ಅದನ್ನು ಬೆಳಕಿಗೆ ಹಿಡಿದರೆ, ಚಿಪ್ಪಿನ ಜಾಗದಲ್ಲಿ ಐದು ದಳದ ತೂತು! "ಗಾಬರಿ ಬೀಳ್ಬೇಡಿ ಡಾಕ್ಟ್ರೇ, ಅದು ದಾಸವಾಳ" ಅಂದರಂತೆ ಟೀಚರ್. ಯಜಮಾನರು ಒಂದು ವಾರ ಮಾತು ಬಿಟ್ಟರು. ಅವರ ಸಮಾಧಾನಕ್ಕೂ ಒಂದು ಕಾರ್ಡೇ ಸಿಕ್ಕಿತು.

ಚಿಂತಾಮಣಿಯಲ್ಲಿದ್ದ ಟೀಚರ ಅಕ್ಕನಿಗೆ ಮಾತ್ರ ನಾಲ್ಕು ವರ್ಷದಿಂದ ಕಾರ್ಡು ಹೋಗಿರಲಿಲ್ಲ. ಮದುವೆ ಮನೆಯೊಂದರಲ್ಲಿ ಅಕ್ಕ ಎಲ್ಲರೆದುರು ಇವರ ಒಬ್ಬಟ್ಟನ್ನು ಚಪ್ಪಲಿ ಅಟ್ಟೆ ಅಂದಿದ್ದರಂತೆ. ನಾನು ಹತ್ತನೇ ತರಗತಿಯಲ್ಲಿದ್ದಾಗ, ಅಕ್ಕನಿಗೆ ಕಣ್ಣಿನ ಆಪರೇಷನ್ ಎಂಬ ಸುದ್ದಿ ಬಂತು. ಅಂದು ಟೀಚರ್ ಮೂರು ಕಾರ್ಡು ಕೆಡಿಸಿದರು. ನಾಲ್ಕನೆಯದರಲ್ಲಿ ಕನಕಾಂಬರ ಚೆನ್ನಾಗಿ ಮೂಡಿತು. ಆದರೆ ಒಳಗೆ ಬರೆಯಲು ಪೆನ್ನು ಏಳಲಿಲ್ಲ. ಖಾಲಿ ಕಾರ್ಡನ್ನೇ ಅಂಚೆಪೆಟ್ಟಿಗೆಗೆ ಹಾಕಿ, ಪಕ್ಕದಲ್ಲಿದ್ದ ನನ್ನನ್ನು, "ವಾಪಸ್ ತೆಗೆಯೋಕಾಗತ್ತೇನೇ?" ಎಂದು ಕೇಳಿದರು.

ತಿಂಗಳಾದ ಮೇಲೆ ದಪ್ಪ ಕನ್ನಡಕದ ಹೆಂಗಸೊಬ್ಬರು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಆ ಕಾರ್ಡು.

"ಏಮೇ ಲಲಿತಾ, ಕಣ್ಣಿಗೆ ಪಟ್ಟಿ ಇತ್ತು, ಸವರಿ ನೋಡ್ದೆ. ಹೂವು ಸಿಕ್ತು. ಒಳಗೆ ಓದ್ರೀ ಅಂದ್ರೆ ಏನೂ ಇಲ್ಲ ಅಂತಾರೆ. ಏನು ಬರೀಬೇಕಂತಿದ್ದೆ?"

"ನೀನೇ ಹೇಳಕ್ಕ."

"ಒಬ್ಬಟ್ಟು ದಪ್ಪ ಆಗಿತ್ತು ಅಂತ ಒಪ್ಕೊ."

"ಸ್ವಲ್ಪ ಆಗಿತ್ತು" ಎಂದವರೇ ಟೀಚರ್ ಅತ್ತುಬಿಟ್ಟರು. ಕಣ್ಣೊರೆಸಿಕೊಂಡಾಗ ಕೆನ್ನೆಯೆಲ್ಲ ನೇರಳೆಯಾಯಿತು. ಅಕ್ಕ ಸೆರಗಿನಿಂದ ಉಜ್ಜಿದರು; ಅದು ಇನ್ನಷ್ಟು ಹರಡಿತು.

ಟೀಚರನ್ನು ನಾನು ಕೊನೆಯ ಸಲ ನೋಡಿದ್ದು ಬಸ್ ಸ್ಟ್ಯಾಂಡಿನಲ್ಲಿ. ನಿವೃತ್ತಿಯಾಗಿ, ಯಜಮಾನರೊಂದಿಗೆ ಚಿಂತಾಮಣಿಗೆ, ಅಕ್ಕನ ಪಕ್ಕದ ಮನೆಗೇ ಹೊರಟಿದ್ದರು. ಕರೆದೊಯ್ಯಲು ಬಂದ ಅಕ್ಕ ಕಿಟಕಿ ಸೀಟು ಬಿಡಲಿಲ್ಲ. ಇವರೂ ಪಟ್ಟು ಬಿಡಲಿಲ್ಲ. ಬಸ್ಸು ಹೊರಟಾಗ ಕೈಬೀಸಲು ಇಬ್ಬರಿಗೂ ಪುರುಸೊತ್ತಿರಲಿಲ್ಲ. ಹಿಂದಿನ ಸೀಟಿನಿಂದ ಯಜಮಾನರು ಬೀಸಿದರು.