ನನ್ನ ಬದಲಿ ಪಂಚಮಿಗೆ ಹೋದಾಕಿ

ನನ್ನ ಮೊಮ್ಮಗಳು ಮನಿ ತಗೊಂಡಳ್ರಿ! ಬಾಡಿಗಿದಲ್ಲ, ಸ್ವಂತದ್ದು. ಇವತ್ತ ಮುಂಜಾನೆ ಗೋಕಾಕದಾಗ ಗಂಡ-ಹೆಂಡತಿ ಕೂಡಿ ಸಂಚಕಾರದ ಮುಂಗಡ ಕೊಟ್ಟು ಕಾಗದಾ ಮಾಡಿಸಿಕೊಂಡ್ರು. ಎರಡು ಖೋಲಿ, ಒಂದು ಅಡಗಿಮನಿ, ಹಿತ್ತಲದಾಗ ಒಂದು ಕರಿಬೇವಿನ ಗಿಡ. ನಾನೂ ಹೋಗಿದ್ದೆ. ನಿಂತು ನಿಂತು ಮೊಣಕಾಲು ಸೋತು ಹೋದುವು, ಆದ್ರ ಕುಂಡ್ರಂದ್ರ ಕುಂಡ್ರಾಕ ಮನಸ್ಸಿಲ್ಲ. ಮೂರನೇ ಇಯತ್ತೆ ಕಲತಾಕಿ ನಾನು. ಆ ಕಾಗದದಾಗ ಮೊಮ್ಮಗಳ ಹೆಸರೊಂದನ್ನ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದೆ. ನನಗಷ್ಟು ಸಾಕಾತು.

ಮನಿಗೆ ಬಂದು ಗ್ವಾಡಿಗೆ ಬೆನ್ನು ಹಚ್ಚಿ ಕುಂತೆ. ಒಳಗ ಸೊಸಿ ಉಂಡಿ ಕಟ್ಟಾಕಂತ ಶೇಂಗಾ ಹುರಿಯಾಕತ್ತಿದ್ದಳು. ಆ ವಾಸನಿ ಬಂತು ನೋಡ್ರಿ, ಅದರ ಹಿಂದನ ನಮ್ಮ ಬಾಜೂ ಮನಿ ಕಾಕು ನೆನಪಾದಳು. ಇಂಥಾ ಸಂತೋಷದ ದಿನದಾಗ ಮೈಯೆಲ್ಲಾ ಒಮ್ಮೆಲೇ ದಣಿದಂಗಾತು...

ಆಗ ನಾವು ಗೋಕಾಕದ ಒಂದು ಚಾಳದಾಗ ಬಾಡಿಗಿ ಇದ್ವಿ. ಒಂದ ಖೋಲಿ. ನಮ್ಮ ಮನಿಯವರು ಗೌಂಡಿ ಕೆಲಸಕ್ಕ ಹೋಗತಿದ್ರು, ನಾನು ಅವರ ಹಿಂದ ಉಸುಕು, ಇಟ್ಟಂಗಿ ಹೊರತಿದ್ದೆ. ಮಂದಿ ಮನಿ ಗ್ವಾಡಿ ಏರೂದು ನೋಡಿ ನೋಡಿ ನನಗೂ ಒಂದು ಹುಚ್ಚು ಹಿಡೀತು. ನಮ್ಮದೂ ಒಂದು ಮನಿ ಆಗಬೇಕು, ಅದಕ್ಕ ಮೊದಲ ಸಂಚಕಾರದ ರೊಕ್ಕಾ ಕೂಡಬೇಕು. ಅವತ್ತಿಂದ ಎಲ್ಲಾದಕ್ಕೂ ಬ್ಯಾಡ ಅನ್ನಾಕ ಸುರು ಮಾಡಿದೆ. ಚಹಾಕ್ಕ ಹಾಲು ಬ್ಯಾಡ. ಹುಡುಗೂರಿಗೆ ಸಂತಿ ತಿನಿಸು ಬ್ಯಾಡ. ಮನಿಯವರು ಒಮ್ಮೆ "ನಡಿ, ಸಿನಿಮಾ ನೋಡಿ ಬರೂಣು" ಅಂದ್ರ, "ಗ್ವಾಡಿ ಮ್ಯಾಲ ಹಲ್ಲಿ ಕುಣಿಯಾಕತ್ತೇತಿ, ನೋಡ್ರಿ, ಪುಕ್ಕಟ ಐತಿ" ಅಂದಿದ್ದೆ. ಪಾಪ, ಅವರು ಮತ್ತ ಕರೀಲಿಲ್ಲ.

ಕಾಕು ಬಾಜೂ ಖೋಲಿಯಾಗ ಒಬ್ಬಾಕಿನ ಇದ್ದಳು. ಖಾನಾವಳಿಯಾಗ ದಿನಾ ರೊಟ್ಟಿ ಬಡದು ಬಡದು ಆಕಿ ಅಂಗೈ ಹಲಗಿಯಂಗಾಗಿದ್ದುವು. ಗಂಡ ಇಲ್ಲ, ಮಕ್ಕಳಿಲ್ಲ, ತವರಮನಿ ಬಾಗಲಾ ಯಾವಾಗೋ ಮುಚ್ಚಿತ್ತು. ಆದ್ರ ಪಗಾರ ಆದ ದಿನ ಚಾಳದ ಹುಡುಗೂರಿಗೆಲ್ಲಾ ಭಜಿ ತರತಿದ್ದಳು. ಮಳಿಗಾಲದಾಗ ಗೋಕಾಕ ಫಾಲ್ಸಿಗೆ ನೀರು ಬಂತಂದ್ರ ಕೆಲಸಾ ಬಿಟ್ಟು ನೋಡಾಕ ಓಡತಿದ್ದಳು. ಇಕಿ ಜಲ್ಮದಾಗ ಮನಿ ಮಾಡಾಕಿ ಅಲ್ಲ ಅಂತ ನಾನು ಮನಸಿನ್ಯಾಗ ನಗತಿದ್ದೆ.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಅಣ್ಣನೋ ತಮ್ಮನೋ ಬಂದು ಕರಕೊಂಡು ಹೋಗಬೇಕು. ನಮ್ಮ ಕಡೆ ಅದು ರೀತಿ. ನನ್ನ ತವರು ಮೂಡಲಗಿ ಕಡೆ ನಾಗನೂರ. ಹೋಗೂದಂದ್ರ ಬಸ್ಸಿನ ಖರ್ಚು, ತಮ್ಮನ ಮಕ್ಕಳಿಗೆ ಏನರೆ ತಿನಿಸು, ಮ್ಯಾಲ ನಾಕೈದು ದಿನದ ಕೂಲಿ ಮುರೀತೈತಿ. ಎರಡು ವರ್ಷ ತಮ್ಮನ್ನ ಹಂಗ ತಿರುಗಿ ಕಳಿಸಿದ್ದೆ. ಮೂರನೇ ವರ್ಷವೂ ಬಂದ. ಹೊಸ್ತಿಲದಾಗ ಕುಂತ.

"ಈ ವರ್ಷ ಬ್ಯಾಡೋ ತಮ್ಮಾ. ಮನಿ ಆಗಲಿ, ಆಮ್ಯಾಲ ಬರತೇನಿ."

ಅವ ಸಪ್ಪಗಾದ. "ಅವ್ವ ಉಂಡಿ ಕಟ್ಟಿಟ್ಟು ಹಾದಿ ನೋಡಾಕತ್ತಾಳಕ್ಕಾ..."

ಕಾಕು ಬಾಗಲದಾಗ ನಿಂತು ಕೇಳಾಕತ್ತಿದ್ದಳು. "ಬರೂದಿಲ್ಲಾ ಆಕಿ? ಹಂಗಾರ ನಾ ಬರತೇನಿ, ನಡಿಯೋ ತಮ್ಮಾ. ಆ ಮುದುಕಿಗೆ ಮಗಳು ಬೇಕು, ನನಗ ತವರು ಬೇಕು. ಇಕಿ ಇಲ್ಲೇ ಕುಂತು ಮನಿ ಕಾಯಲಿ. ಇನ್ನೂ ಇಲ್ಲದ ಮನಿ!"

ಚ್ಯಾಷ್ಟಿ ಅಂತ ತಿಳದೆ. ಖರೇನ ಚೀಲದಾಗ ಒಂದು ಸೀರಿ ತುರುಕಿ, ಖೋಲಿಗೆ ಕೀಲಿ ಜಡದು, ನನ್ನ ತಮ್ಮನ ಹಿಂದ ಹೊಂಟ ಬಿಟ್ಟಳು.

ಐದು ದಿನಕ್ಕ ಬಂದಳು. ಮಾರಿ ಮ್ಯಾಲ ಏನು ಕಳಿ! "ಜೋಕಾಲಿ ಏನು ಆಡಿದೆ ಅಂತಿ! ನಿಮ್ಮವ್ವನ ನಿಂತು ತೂಗಿದಳು. ನಾಗಪ್ಪಗ ಹಾಲು ಎರಿಯೂವಾಗ ನಿನ್ನ ಪಾಲಿಂದೂ ನಾನ ಎರದೇನಿ, ಚಿಂತಿ ಮಾಡಬ್ಯಾಡ" ಅಂದಳು. ಆಮ್ಯಾಲ ಸೆರಗಿನಿಂದ ಒಂದು ಉಂಡಿ ತಗದು ನನ್ನ ಕೈಯಾಗಿಟ್ಟು, ಸಣ್ಣ ದನಿಲೆ ಕೇಳಿದಳು, "ನಿಮ್ಮವ್ವನ ಎಡಗಣ್ಣು ಪೂರಾ ಮಸಕಾಗೇತಿ. ನಿನಗ ಗೊತ್ತೈತೇನು?"

ನನಗ ಗೊತ್ತಿರಲಿಲ್ಲ.

ಉಂಡಿ ನಾ ತಿನ್ನದ ಹುಡುಗೂರಿಗೆ ಕೊಟ್ಟೆ. ಹೊಟ್ಟಿಕಿಚ್ಚೋ, ನಾಚಿಕಿಯೋ... ನಮ್ಮವ್ವ ಮಂದಿ ಮಗಳಿಗೆ ಜೋಕಾಲಿ ತೂಗಿದಳಲ್ಲಾ ಅಂತ ಎಂಟು ದಿನ ಕಾಕು ಕೂಡ ಮಾತು ಬಿಟ್ಟೆ. ಮುಂದಿನ ವರ್ಷ ತಮ್ಮ ಬರೂದ್ರಾಗ ನನ್ನ ಚೀಲ ತಯಾರಿತ್ತು. ಹೊರಗ ಬಂದು ನೋಡಿದ್ರ ಕಾಕುಂದೂ ಚೀಲ ತಯಾರು! "ನೀ ಹೋದ್ರ ನಾ ಬಿಡಬೇಕೇನು? ನನ್ನನ್ನೂ ಬಾ ಅಂದಾಳ ನಿಮ್ಮವ್ವ" ಅಂತ ಬಸ್ಸಿನ್ಯಾಗ ನನ್ನಕಿಂತ ಮೊದಲ ಏರಿ ಕುಂತಳು. ಹಂಗ ಇಬ್ಬರೂ ಕೂಡಿ ನಾಕು ಪಂಚಮಿ ಮಾಡಿದ್ವಿ. ಐದನೇದಕ್ಕ ಅವ್ವ ಇರಲಿಲ್ಲ.

ಅವ್ವ ಹೋಗಿ ಎರಡು ವರ್ಷಕ್ಕ ನಮ್ಮ ಮನಿ ಆತು. ಪಂಚಮಿಗೆ ಹೋಗದ ಇದ್ದಿದ್ರ ಒಂದೀಟು ಮೊದಲ ಆಗತಿತ್ತೋ ಏನೋ. ಹೊಸ ಮನಿ ಹೊಕ್ಕ ದಿನ ಕಾಕುನ ಕುಂತು ಎಲ್ಲಾರಿಗೂ ರೊಟ್ಟಿ ಬಡದಳು. ಹಿಟ್ಟಿನ ಕೈಲೇ ಗ್ವಾಡಿ ತಟ್ಟಿ, "ಆತಲ್ಲವ್ವಾ, ಇದೂ ಒಂದು ತವರಮನಿ ಆತು" ಅಂದಳು. ನಾನು ಬಂದ ಮಂದಿಗೆ ನೀಡೂ ಗಡಿಬಿಡಿಯಾಗಿದ್ದೆ, ಹೂಂ ಅಂದೆ. ಮುಂದ ಆಕಿ ರಟ್ಟಿ ಸೋತುವು, ರೊಟ್ಟಿ ಬಡಿಯೂದು ಆಗಲಿಲ್ಲ. ಹುಕ್ಕೇರಿಯಾಗ ಯಾರೋ ದೂರದ ಸಂಬಂಧಿಕರ ಮನಿಗೆ ಹೋದಳು. ನಾಕೈದು ವರ್ಷ ಅಲ್ಲೇ ಇದ್ದಳಂತ... ಸತ್ತ ಸುದ್ದಿ ನನಗ ಮುಟ್ಟೂದ್ರಾಗ ತಿಂಗಳಾಗಿತ್ತು.

ಮೊಮ್ಮಗಳು ಮೂಡಲಗಿ ದವಾಖಾನಿಯಾಗ ನರ್ಸು. ಮನಿ ಸಲುವಾಗಿ ಉಳಸಾಕ ಸುರು ಮಾಡಿದಾಗ ನಾ ಹೇಳಿದ್ದು ಒಂದ ಮಾತು: "ಏನು ಬಿಟ್ಟರೂ ಬಿಡು, ಪಂಚಮಿಗೆ ಬರೂದು ಬಿಡಬ್ಯಾಡ." ಪ್ರತಿ ವರ್ಷ ತಪ್ಪದ ಬಂದಳು. "ಅಜ್ಜಿ, ನಿನ್ನ ಜೋಕಾಲಿ ಒಮ್ಮೆ ಜೀಕಿದ್ರ ನನ್ನ ಮನಿ ಒಂದು ಮಾರು ಹಿಂದ ಸರೀತೈತಿ ನೋಡು" ಅಂತ ನಗತಿದ್ದಳು. ಸರೀಲಿ ಬಿಡ ಅಂತಿದ್ದೆ.

ಇವತ್ತ ಸಂಜಿಗೆ ಎಲ್ಲಾರೂ ಊಟಕ್ಕ ಕೂಡಿ ಕುಂತ್ವಿ. ಮಗ, ಸೊಸಿ, ಮೊಮ್ಮಗಳು, ಆಕಿ ಗಂಡ. ಮೊಮ್ಮಗಳಿಗೂ ಆಕಿ ಗಂಡಗೂ ಮೊದಲ ಸಲ ಕಾಕುನ ಕಥಿ ಹೇಳಿದೆ. ತಮ್ಮನ ಹಿಂದ ಚೀಲ ಹಿಡಕೊಂಡು ಹೊಂಟದ್ದು ಕೇಳಿ ಬಿದ್ದು ಬಿದ್ದು ನಕ್ಕರು. "ಭಾರೀ ಇದ್ದಳಲ್ರಿ ನಿಮ್ಮ ಕಾಕು!" ಅಂದ ಮೊಮ್ಮಗಳ ಗಂಡ.

ಮೊಮ್ಮಗಳು ನಗೂದು ನಿಲ್ಲಿಸಿ ಕೇಳಿದಳು, "ಹುಕ್ಕೇರಿಗೆ ಹೋದ ಮ್ಯಾಲ ಪಂಚಮಿಗೆ ಆಕಿನ್ನ ಕರಿಯಾಕ ಯಾರನ್ನ ಕಳಿಸಿದ್ದಿ ಅಜ್ಜಿ?"

ಕೈಯಾಗಿನ ತುತ್ತು ಗಂಗಾಳದಾಗ ಇಟ್ಟೆ. ನನ್ನ ಮನಿ ಇತ್ತು. ಮಗ ಪ್ರಾಯಕ್ಕ ಬಂದಿದ್ದ. ಹುಕ್ಕೇರಿ ಏನು ದೂರಿತ್ತು...

"ಯಾರನ್ನೂ ಇಲ್ಲವ್ವಾ" ಅಂದೆ.

ಮಗ ನನ್ನ ಗಂಗಾಳದಾಗ ಒಂದೀಟು ಪಲ್ಯಾ ನೀಡಿ, "ಉಣ್ಣವ್ವಾ, ಆರತೈತಿ" ಅಂದ. ಉಂಡೆ. ಎಲ್ಲಾರೂ ಉಂಡ್ರು.